ಬೊರೊನ್‌ಬಾಯ್‌ಗೆ ನಾವು ಹಾಕಿದ ಹೂವುಗಳು

ಬೊರೊನ್‌ಬಾಯ್ ನನ್ನ ಶಿಷ್ಯ. ಎಂಟನೇ ತರಗತಿಯಲ್ಲಿ ಸಾಹಿತ್ಯಕ್ಕೆ ಐದರಲ್ಲಿ ಮೂರು ಹಾಕಿ ಅವನನ್ನು ದಾಟಿಸಿದವನು ನಾನೇ. ಆ ಮೂರರಲ್ಲಿ ಎರಡು ಅವನ ಉತ್ತರಕ್ಕೆ, ಒಂದು ಅವನ ಅಪ್ಪ ನಮ್ಮ ಮನೆಗೆ ಕಳಿಸಿದ ಕುರಿಯ ತೊಡೆಗೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ಇದಕ್ಕಿಂತ ದೊಡ್ಡದೊಂದನ್ನು ಹೇಳುವುದಿದೆ. ಅಷ್ಟರೊಳಗೆ ಬಾಯಿ ಸ್ವಲ್ಪ ಪಳಗಲಿ.

ಅವನು ಹುಟ್ಟಿದ್ದು ಮೇಲಿನ ಕಣಿವೆಯ ಚಳಿಗಾಲದ ಕುರಿದೊಡ್ಡಿಯಲ್ಲಿ. ಮೂರು ದಿನ ಹಿಮಗಾಳಿ ಬೀಸಿ ದಾರಿಯೆಲ್ಲ ಮುಚ್ಚಿಹೋಗಿತ್ತಂತೆ. ಅದಕ್ಕೇ ಹಿಮಗಾಳಿಯ ಹೆಸರನ್ನೇ ಇಟ್ಟರು. ಗಾಳಿಯ ಗುಣವೇನೂ ಅವನಲ್ಲಿಲ್ಲ. ಒಂದು ಮಾತು ಕೇಳಿದರೆ ಅದನ್ನು ತಲೆಯೊಳಗೆ ಎರಡು ಸುತ್ತು ತಿರುಗಿಸಿ ಆಮೇಲೆ ಬಾಯಿ ಬಿಡುವವನು. ತರಗತಿಯಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಬಾಯಿ ಬಿಡುವಷ್ಟರಲ್ಲಿ ನಾನು ಪಕ್ಕದವನನ್ನು ಎಬ್ಬಿಸಿರುತ್ತಿದ್ದೆ.

ಎಂಟು ಮುಗಿಸಿ ಅವನು ಸಾಮೂಹಿಕ ಕೃಷಿಯ ಯಂತ್ರಶಾಲೆಗೆ ಸೇರಿದ. ಕೆಲವೇ ವರ್ಷಗಳಲ್ಲಿ ಸಾಮೂಹಿಕ ಕೃಷಿ ಮುಳುಗಿತು. ಊರಿನವರು ಕುರಿ, ಕುದುರೆ, ಬಾಗಿಲು, ಕಿಟಕಿ, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಯಾರಿಗೂ ಬೇಡವಾದ ವೆಲ್ಡಿಂಗ್ ಯಂತ್ರವನ್ನು ಬೊರೊನ್‌ಬಾಯ್ ಕತ್ತೆಗಾಡಿಯ ಮೇಲೆ ಹಾಕಿಕೊಂಡು ಮನೆಯ ಕೊಟ್ಟಿಗೆಗೆ ತಂದ. ಜನ ನಕ್ಕರು. ಮುಂದೆ ಮೂವತ್ತು ವರ್ಷ ಅದೇ ಜನ ಅವನ ಬಾಗಿಲಿಗೆ ಹೋಗಿ ನಿಂತರು. ನಮ್ಮೂರಿನ ಮುಕ್ಕಾಲು ಮನೆಗಳ ಕಬ್ಬಿಣದ ಒಲೆ ಅವನು ಮಾಡಿದ್ದು. ಹೊಗೆಕೊಳವೆ ಅವನದು, ದನದ ನೀರಿನ ತೊಟ್ಟಿ ಅವನದು, ಗೋರಿಗಳ ಸುತ್ತಲಿನ ಬೇಲಿಯೂ ಅವನದು. ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ, ಹೆಂಡತಿಯನ್ನು ಮಣ್ಣಿಗೆ ಕೊಟ್ಟ, ಮತ್ತೆ ಬಂದು ಅದೇ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಕೂತ. ಬೆರಳ ತುದಿಗಳೆಲ್ಲ ಸುಟ್ಟು ಸುಟ್ಟು ದಪ್ಪ ಚರ್ಮ ಕಟ್ಟಿವೆ. ಎಡಗೈ ಕಿರುಬೆರಳು ಒಂದನ್ನು ಬಿಟ್ಟರೆ ಉಳಿದ ಯಾವ ಬೆರಳು ಮುಟ್ಟಿದರೂ ಫೋನಿನ ಗಾಜಿಗೆ ಗೊತ್ತೇ ಆಗುವುದಿಲ್ಲ.

ಅವನು ಕವಿಯಾದದ್ದು ನನ್ನಿಂದ. ನಿವೃತ್ತನಾದ ಮೇಲೆ ನನಗೆ ಕವಿತೆಯ ಚಟ ಹತ್ತಿತು. ಮೂವತ್ತನಾಲ್ಕು ವರ್ಷ ಊರಿನ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದವನಿಗೆ ಇದ್ದಕ್ಕಿದ್ದಂತೆ ಕೇಳುವವರೇ ಇಲ್ಲ. ಹೆಂಡತಿ ಕಾನಿಮ್‌ಗೆ ಓದಿ ಹೇಳಲು ಹೋದರೆ, "ಓದಿ ಓದಿ, ನಂಗೂ ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ," ಎಂದು ದಿಂಬು ಸರಿಮಾಡಿಕೊಳ್ಳುತ್ತಿದ್ದಳು. ಆಗ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದೆ. ಬುಲಾಕ್ ಎಂದು ಹೆಸರಿಟ್ಟೆ, ಚಿಲುಮೆ ಅಂತ. ಓಶ್‌ನ ಒಬ್ಬ ನರ್ಸಮ್ಮ, ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸುವವನೊಬ್ಬ, ಸಂತೆಯಲ್ಲಿ ಸಮೋಸ ಮಾರುವ ಹೆಂಗಸು, ನಿವೃತ್ತ ಪೊಲೀಸು, ಹೀಗೆ ಸೇರುತ್ತ ಸೇರುತ್ತ ಅರವತ್ತನಾಲ್ಕು ಜನರಾದೆವು. ನಿಯಮ ಒಂದೇ: ಯಾರೂ ಯಾರ ಕವಿತೆಯಲ್ಲೂ ತಪ್ಪು ಹುಡುಕಬಾರದು. ಮೆಚ್ಚುಗೆಗೆ ಹೂವು ಹಾಕಬೇಕು. ಸಾಧಾರಣಕ್ಕೆ ಒಂದು, ಬಹಳ ಚೆನ್ನಾಗಿದ್ದರೆ ಐದು ಎಂದು ಶುರುವಿನಲ್ಲಿ ಹೇಳಿದ್ದೆ. ಒಂದು ಹೂವು ಬಿದ್ದವರು ಮುನಿಸಿಕೊಂಡರು. ಎರಡನೇ ತಿಂಗಳಿಂದ ಎಲ್ಲರೂ ಎಲ್ಲರಿಗೂ ಐದೈದು ಹಾಕತೊಡಗಿದೆವು.

ನಾನಂತೂ ಓದುವುದನ್ನೇ ಬಿಟ್ಟೆ. ದಿನಕ್ಕೆ ಇಪ್ಪತ್ತು ಕವಿತೆ ಬಂದರೆ ಯಾರು ಓದುತ್ತಾರೆ? ಫೋನಿನಲ್ಲಿ ಮೂರು ಮೆಚ್ಚುಗೆಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ. 'ಮನ ಮುಟ್ಟಿತು', 'ಮುಂದುವರಿಸಿ', 'ನಿಮ್ಮ ಲೇಖನಿ ಹರಿತವಾಗಿರಲಿ'. ಸರದಿಯ ಮೇಲೆ ಒಂದೊಂದನ್ನು ಒತ್ತುತ್ತಿದ್ದೆ. ಒತ್ತಿದ ಮೇಲೆ ನನ್ನದೊಂದು ಕವಿತೆ ಹಾಕಿ, ಹೂವು ಎಣಿಸುತ್ತ ಕೂರುತ್ತಿದ್ದೆ. ಎಪ್ಪತ್ತು ವರ್ಷದ ಮುದುಕ ಹೂವು ಎಣಿಸುತ್ತಿದ್ದ ಎಂದು ಬರೆಯಲು ಈಗ ಕೈ ಬರುವುದಿಲ್ಲ.

ಆರು ವರ್ಷದ ಹಿಂದೆ, ಚಳಿ ಶುರುವಾಗುವ ಮೊದಲು, ಬೊರೊನ್‌ಬಾಯ್ ನಮ್ಮ ಮನೆಯ ಹೊಗೆಕೊಳವೆ ಬದಲಿಸಲು ಬಂದಿದ್ದ. ಚಹಾ ಕುಡಿಯುವಾಗ ನನ್ನ ಫೋನು ಅವನ ಕಣ್ಣಿಗೆ ಬಿತ್ತು.

"ಅಗಾಯ್, ಇದೇನಿದು, ಇಷ್ಟೊಂದು ಹೂವು?" ಎಂದ. ಮೇಷ್ಟ್ರನ್ನು ಅಗಾಯ್ ಎನ್ನುವುದು ನಮ್ಮ ರೂಢಿ. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಅವನ ಬಾಯಲ್ಲಿ ನಾನು ಅಗಾಯ್.

"ಕವಿತೆ ಬರೆದಿದ್ದೆ. ಜನ ಮೆಚ್ಕೊಂಡಿದಾರೆ."

ಅವನು ಎರಡು ಗುಟುಕು ಕುಡಿಯುವವರೆಗೆ ಯೋಚಿಸಿದ. "ನಾನು ಬರೆದ್ರೂ ಹಾಕ್ತಾರಾ?"

"ಹಾಕದೇ ಏನು? ಬರೆ. ನಾನೇ ಮೊದಲು ಹಾಕ್ತೀನಿ."

ನನಗೆ ಬೇಕಾಗಿದ್ದದ್ದು ನನ್ನ ಕವಿತೆಗೆ ಇನ್ನೊಬ್ಬ ಓದುಗ. ಅವನ ಕವಿತೆ ನನಗೆ ಬೇಕಿರಲಿಲ್ಲ. ಅವನು ಮಾತ್ರ ನಿಜಕ್ಕೂ ಬರೆಯಲು ಕೂತ. ಕಿರುಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಒಂದು ಕವಿತೆ ಮುಗಿಸಲು ಎರಡು ಸಂಜೆ ಬೇಕಾಗುತ್ತಿತ್ತು. ಒಲೆಯ ಬಗ್ಗೆ ಬರೆದ, ಕಳೆದುಹೋದ ಮೇಕೆಯ ಬಗ್ಗೆ ಬರೆದ, ಹೆಂಡತಿಯ ಗೋರಿಗೆ ತಾನೇ ಬೇಲಿ ಬೆಸೆದ ದಿನದ ಬಗ್ಗೆ ಬರೆದ. ಎಲ್ಲಕ್ಕೂ ನಾನು ಐದು ಹೂವು ಹಾಕಿದೆ. ಯಾವುದನ್ನೂ ಓದಲಿಲ್ಲ. ಅವು ಏನು ಎಂಬುದು ಈಚೆಗೆ, ಎಲ್ಲ ಮುಗಿದ ಮೇಲೆ ಗೊತ್ತಾಯಿತು.

ಅವನ ಕವಿತೆಯನ್ನು ಕಿವಿಗೊಟ್ಟು ಕೇಳಿದವರು ಊರಿನಲ್ಲಿ ಒಬ್ಬರೇ: ನಮ್ಮ ಪಕ್ಕದ ಮನೆಯ ಜೂರಾ ಅಪಾ. ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುತ್ತೇವೆ. ಗಂಡ ಇಲ್ಲ, ಇದ್ದೊಬ್ಬ ಮಗ ಮೆದೆರ್ ರಷ್ಯಾದ ತ್ಯುಮೆನ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಪ್ರತಿ ಶುಕ್ರವಾರ ಮಧ್ಯಾಹ್ನ ಬೊರೊನ್‌ಬಾಯ್ ಕೈಕಾಲು ತೊಳೆದು ಅವಳ ಮನೆಗೆ ಹೋಗಿ ಹೊಸ ಕವಿತೆ ಓದುತ್ತಿದ್ದ. ಅಪಾ ಕೈಕೆಲಸ ಬಿಡದೆ ಕೇಳುತ್ತಿದ್ದಳು. ಮುಗಿದ ಮೇಲೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದಳು. "ಆ ಮೇಕೆ ಕೊನೆಗೆ ಸಿಕ್ತಾ?" ಎಂದೋ, "ಆ ಒಲೆ ಯಾರ ಮನೇದು?" ಎಂದೋ. ಅವನು ಉತ್ತರ ಹೇಳುತ್ತಿದ್ದ. ಬೇಲಿಯ ಮೇಲಿಂದ ಇದೆಲ್ಲ ನನಗೆ ಕೇಳುತ್ತಿತ್ತು. ಒಳಗೊಳಗೇ ನಗುತ್ತಿದ್ದೆ.

ಕಳೆದ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮೆದೆರ್‌ನ ಜೊತೆಗಾರ ಊರಿಗೆ ಫೋನು ಮಾಡಿದ. ಮೆದೆರ್ ಏಳನೇ ಮಹಡಿಯ ಸಾರುವೆಯಿಂದ ಬಿದ್ದು ಹೋಗಿಬಿಟ್ಟಿದ್ದ. ಕಾಗದಪತ್ರ ಎಲ್ಲ ಮುಗಿಸಿದ್ದಾರೆ, ನಾಳೆ ಬೆಳಿಗ್ಗೆ ವಿಮಾನ ರಾಜಧಾನಿ ಬಿಶ್‌ಕೇಕ್‌ಗೆ ಬರುತ್ತದೆ, ಮಧ್ಯಾಹ್ನಕ್ಕೆ ಹೆಣ ಊರು ಮುಟ್ಟುತ್ತದೆ ಎಂದ. ಕಾನಿಮ್ ಓಡಿಹೋಗಿ, ನನ್ನದರಲ್ಲಿ ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿ ಜೂರಾ ಅಪಾಳ ಫೋನನ್ನು ಎತ್ತಿಕೊಂಡು ಬಂದಳು, ಅತ್ತ ಕಡೆಯಿಂದ ಯಾರಾದರೂ ಬಡಕ್ಕನೆ ಹೇಳಿಬಿಟ್ಟಾರು ಅಂತ. ಹೆಣ ಬರುವ ಮುಂಚೆ ಅದನ್ನಿಡಲು ಅಂಗಳದಲ್ಲಿ ಕಂಬಳಿ ಗುಡಾರ ಎತ್ತಬೇಕು. ಗುಡಾರ ಎತ್ತುವ ಮುಂಚೆ ತಾಯಿಗೆ ತಿಳಿಸಬೇಕು. ಆ ದಿನವೇ, ಸಂಜೆಯೊಳಗೆ.

ನಮ್ಮಲ್ಲಿ ಸಾವನ್ನು ಬರಿದೇ ತಿಳಿಸುವುದಿಲ್ಲ, ಕೇಳಿಸುತ್ತಾರೆ. ಹಿರಿಯರು ಕೂಡಿ ಹೋಗುತ್ತಾರೆ, ಮಾತು ಬಲ್ಲವನೊಬ್ಬ ಪದ್ಯದಲ್ಲಿ ಹೇಳುತ್ತಾನೆ. ಕೇಳುವವರ ಎದೆ ಒಮ್ಮೆಗೇ ಒಡೆಯದ ಹಾಗೆ, ಹಕ್ಕಿಯ ಮಾತು, ಮರದ ಮಾತು ಆಡುತ್ತ ಆಡುತ್ತ ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ಇದನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಪಾಠ ಮಾಡಿದ್ದೇನೆ. ಮೂವತ್ತನಾಲ್ಕು ಸಲ.

ಹತ್ತು ಗಂಟೆಗೆ ಊರ ಹಿರಿಯ ಇಮಾನಾಲಿ ಅಜ್ಜ ಇನ್ನೂ ಮೂವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಎಲ್ಲರ ತಲೆಯ ಮೇಲೂ ಬಿಳಿ ಕಲ್ಪಾಕ್ ಟೋಪಿ.

"ಸಾತಿಬಾಲ್ದಿ, ನೀನೇ ಕೇಳಿಸಬೇಕು," ಎಂದ ಅಜ್ಜ. "ಊರಲ್ಲಿ ಓದಿದವನು ಅಂದ್ರೆ ನೀನು. ಪಕ್ಕದ ಮನೆ ಬೇರೆ. ಮೆದೆರ್‌ಗೆ ಅಕ್ಷರ ಕಲಿಸಿದವನೂ ನೀನೇ."

ಪ್ರತಿ ಮಾತೂ ಸರಿಯಾಗಿತ್ತು. ಆದರೆ ನನಗೆ ಭಯವಾಯಿತು. ಇಪ್ಪತ್ತು ವರ್ಷ ಬೇಲಿಯ ಆಚೆ ಈಚೆ ಬದುಕಿದ ಹೆಂಗಸು. ಆ ಕ್ಷಣದ ಅವಳ ಮುಖವನ್ನು ನಾನು ನೋಡಬೇಕಾಗುತ್ತದೆ, ಸಾಯುವವರೆಗೆ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ಅದು ನನ್ನಿಂದಾಗದು ಎನಿಸಿತು. ಆಗದು ಎಂದು ನೇರವಾಗಿ ಹೇಳಿದ್ದರೆ ಇಷ್ಟು ಬರೆಯುವ ಪಾಡು ಬರುತ್ತಿರಲಿಲ್ಲ.

"ನಂಗೆ ಬಿಪಿ," ಎಂದೆ. "ಮತ್ತೆ ನಾನು ಪಾಠ ಮಾಡೋನು, ಅಷ್ಟೇ. ನಿಜವಾದ ಕವಿ ಬೇರೆ ಇದಾನೆ ಊರಲ್ಲಿ. ನಮ್ಮ ಬೊರೊನ್‌ಬಾಯ್."

"ಯಾರು, ವೆಲ್ಡಿಂಗ್‌ನವನಾ?"

ನಾನು ಫೋನು ತೆಗೆದು ಅವನ ಕವಿತೆಗಳ ಕೆಳಗೆ ಬಿದ್ದ ಹೂವುಗಳನ್ನು ತೋರಿಸಿದೆ. ಇಮಾನಾಲಿ ಅಜ್ಜನಿಗೆ ಕಣ್ಣು ಮಂಜು. ಅಕ್ಷರ ಕಾಣದಿದ್ದರೂ ಕೆಂಪು ಕಂಡಿತು.

"ಇದೆಲ್ಲ ಅವನಿಗಾ?"

"ಅವನಿಗೇ. ಓಶ್‌ನಿಂದ ಮಾಸ್ಕೋವರೆಗೆ ಜನ ಓದ್ತಾರೆ ಅವನ್ನ."

"ನೋಡಪ್ಪಾ! ನಮ್ಮ ಕಾಲ ಬುಡದಲ್ಲೇ ಇದ್ದು ನಮಗೇ ಗೊತ್ತಿಲ್ಲ," ಎಂದ ಅಜ್ಜ. ಮೂಲೆಯಲ್ಲಿ ಚಹಾ ಬಗ್ಗಿಸುತ್ತಿದ್ದ ಕಾನಿಮ್ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಅತ್ತ ತಿರುಗಲಿಲ್ಲ.

ಬೊರೊನ್‌ಬಾಯ್‌ಗೆ ಹೇಳಿ ಕಳಿಸಿದೆವು. ಕೈಗವಸು ಕಳಚುತ್ತ ಬಂದ. ವಿಷಯ ಕೇಳಿ ಗೋಡೆಗೆ ಒರಗಿದ. ಮೆದೆರ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು ಅವನು. ಆಮೇಲೆ ಇಮಾನಾಲಿ ಅಜ್ಜ ಅವನ ಕೈ ಹಿಡಿದು, "ಕವಿಯಪ್ಪಾ, ನೀನೇ ಗತಿ," ಎಂದಾಗ ಅವನ ಮುಖದಲ್ಲಿ ದುಃಖದ ಜೊತೆಗೇ ಇನ್ನೇನೋ ಬಂದು ಹೋಯಿತು. ಐವತ್ತು ವರ್ಷದಲ್ಲಿ ಊರು ಮೊದಲ ಸಲ ಅವನನ್ನು ಒಲೆಯ ಕೆಲಸಕ್ಕಲ್ಲದೆ ಬೇರೆ ಕೆಲಸಕ್ಕೆ ಕರೆದಿತ್ತು.

"ಒಂದು ಗಂಟೆ ಟೈಮ್ ಕೊಡಿ," ಎಂದು ನಮ್ಮ ಅಂಗಳದ ಸೌದೆ ರಾಶಿಯ ಮೇಲೆ ಹೋಗಿ ಕೂತ. ಕಿರುಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುವುದು ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಒಂದು ಗಂಟೆಯಾದ ಮೇಲೆ ಫೋನು ಸದ್ದು ಮಾಡಿತು. ಗುಂಪಿನಲ್ಲಿ ಅವನ ಕವಿತೆ ಬಿದ್ದಿತ್ತು, ಇಪ್ಪತ್ತನಾಲ್ಕು ಸಾಲು. ಅದರ ಕೆಳಗೆ ಹೀಗೆ ಬರೆದಿದ್ದ: 'ಗೆಳೆಯರೇ, ಒಬ್ಬ ತಾಯಿಗೆ ಮಗನ ಸಾವನ್ನು ಕೇಳಿಸಬೇಕಾಗಿದೆ. ಇದನ್ನು ಕೇಳಿದರೆ ಅವರಿಗೆ ತಿಳಿಯುತ್ತದೆಯೇ? ದಯವಿಟ್ಟು ಬೇಗ ಹೇಳಿ.'

ನರ್ಸಮ್ಮ ಐದು ಹೂವು ಹಾಕಿ, ಕಣ್ಣಲ್ಲಿ ನೀರು ಬಂತು ಎಂದಳು. ಟ್ಯಾಕ್ಸಿಯವನು ಬೆಂಕಿ ಬೆಂಕಿ ಎಂದ. ಚಿಲುಮೆಯ ಸಾಲು ಅದ್ಭುತ ಎಂದರು ಯಾರೋ. ಐದೇ ನಿಮಿಷದಲ್ಲಿ ಹೂವು ನೂರೈವತ್ತು ದಾಟಿತು. ಅವನು ಕೇಳಿದ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ ನಾನು, ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು ಓದಬಹುದಾಗಿದ್ದ ನಾನು, ಕಿಟಕಿಯ ಹಿಂದೆ ನಿಂತುಕೊಂಡೇ 'ನಿಮ್ಮ ಲೇಖನಿ ಹರಿತವಾಗಿರಲಿ' ಎಂದು ಒತ್ತಿದೆ. ಅವತ್ತಿನ ಸರದಿ ಅದರದಾಗಿತ್ತು.

ಅವನು ಒಳಗೆ ಬಂದ. "ಅಗಾಯ್, ಯಾರೂ ಆಗಲ್ಲ ಅಂದಿಲ್ಲ. ನೀವೂ ಚೆನ್ನಾಗಿದೆ ಅಂದ್ರಿ. ಹಾಗಾದ್ರೆ ಅಪಾಗೆ ತಿಳಿಯುತ್ತೆ ಅಲ್ವಾ?"

"ತಿಳಿಯುತ್ತೆ, ತಿಳಿಯುತ್ತೆ. ನಡಿ, ಹೊತ್ತಾಯ್ತು," ಎಂದೆ.

ಜೂರಾ ಅಪಾ ಜಗಲಿಯ ಮೇಲೆ ಕೂತು ಹುಳಿ ಮೊಸರಿನ ಕುರುತ್ ಉಂಡೆ ಕಟ್ಟುತ್ತಿದ್ದಳು. ಮಗನಿಗೆ ಕಳಿಸಲೆಂದು ಪ್ರತಿ ಆಗಸ್ಟಿನಲ್ಲಿ ಕಟ್ಟುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಐದಾರು ಗಂಡಸರು ಕಲ್ಪಾಕ್ ಹಾಕಿಕೊಂಡು ಬಾಗಿಲಿಗೆ ಬಂದರೆ, ಮಗನನ್ನು ದೂರ ಕಳಿಸಿದ ಯಾವ ತಾಯಿಗೂ ನಮ್ಮಲ್ಲಿ ಎದೆ ಝಲ್ ಎನ್ನುತ್ತದೆ. ಅವಳ ಕೈಯೂ ಒಂದು ಕ್ಷಣ ನಿಂತಿತು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಬೊರೊನ್‌ಬಾಯ್ ಕಂಡ. ಅವನ ಕೈಯಲ್ಲಿ ಫೋನು ಕಂಡಿತು. ಕಂಡದ್ದೇ ಅವಳ ಮುಖ ಅರಳಿತು.

"ಓಹೋ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?" ಎಂದಳು. "ಇಮಾನಾಲಿ ಅಣ್ಣ, ನೀವೂ ಬಂದ್ರಾ ಕವಿತೆ ಕೇಳೋಕೆ? ಆರು ವರ್ಷದಿಂದ ಬಡ್ಕೋತಿದೀನಿ, ನಮ್ಮ ಬೊರೊನ್‌ಬಾಯ್ ಚೆನ್ನಾಗಿ ಬರೀತಾನೆ, ಒಂದು ಸಲ ಬಂದು ಕೇಳಿ ಅಂತ. ಅಂತೂ ಬುದ್ಧಿ ಬಂತಲ್ಲ ನಿಮಗೆ! ಬನ್ನಿ, ಬನ್ನಿ, ಮೇಲೆ ಕೂತ್ಕೊಳ್ಳಿ."

ಇಮಾನಾಲಿ ಅಜ್ಜ ಏನೋ ಹೇಳಲು ಹೋಗಿ ಕೆಮ್ಮಿದ. ನಾವು ಕೂತೆವು. ಅಪಾ ನಮ್ಮ ಕಡೆಗೆ ಮೆತ್ತೆಗಳನ್ನು ಸರಿಸಿ, ಎಲ್ಲರಿಗೂ "ಶ್ಶ್, ಈಗ ಮಾತಾಡಬೇಡಿ," ಎಂದು ಕೈ ಮಾಡಿ, "ಹ್ಞೂಂ, ಓದು ಮಗಾ," ಎಂದಳು.

ಅವನು ಓದಿದ.

ಓ ಬೆಟ್ಟವೇ, ಓ ನದಿಯೇ, ಓ ನಕ್ಷತ್ರಗಳ ಸಂತೆಯೇ,
ಎಲ್ಲಿಗೆ ಹೋಯಿತು ಹೇಳಿ ನಮ್ಮ ಬಿಳಿಯ ಗಿಡುಗ?
ವಸಂತವೇ ನೀ ಬಾ, ಚಿಲುಮೆಯೇ ನೀ ಹರಿ,
ಕಾದ ಕಬ್ಬಿಣದ ಹಾಗೆ ಕೆಂಪಾಯಿತು ಸಂಜೆ ಮೋಡ...

ಆಗ ನಾನು ಮೊದಲ ಸಲ ಅವನ ಕವಿತೆಯನ್ನು ಪೂರ್ತಿ ಕೇಳಿದೆ. ಗಿಡುಗದ ಮಾತು ಇದ್ದದ್ದು ಮೂರೇ ಸಾಲಿನಲ್ಲಿ. ಉಳಿದದ್ದೆಲ್ಲ ಬೆಟ್ಟ, ನಕ್ಷತ್ರ, ವಸಂತ. ಕೇಳುತ್ತ ಹೋದಂತೆ ನನಗೆ ತಿಳಿಯಿತು: ಆರು ವರ್ಷದಲ್ಲಿ ನಾವು ಯಾವ ಯಾವ ಮಾತಿಗೆ ಅದ್ಭುತ ಎಂದಿದ್ದೆವೋ ಆ ಮಾತುಗಳನ್ನೆಲ್ಲ ಅವನು ನಂಬಿ ಕೂಡಿಹಾಕಿದ್ದ. ಬದುಕಿನಲ್ಲಿ ದೊಡ್ಡ ಕೆಲಸ ಬಂದಾಗ ತನ್ನ ಸಾಮಾನನ್ನು ಬಿಟ್ಟು ನಮ್ಮ ಸಾಮಾನನ್ನು ತಂದಿದ್ದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಯ ಸಾಲು ಮುಗಿಸಿ ಅವನು ಅಪಾಳ ಮುಖ ನೋಡಿದ. ನಾವೆಲ್ಲ ನೆಲ ನೋಡಿದೆವು.

"ಹೋದ ವಾರದ್ದಕ್ಕಿಂತ ಚೆನ್ನಾಗಿದೆ," ಎಂದಳು ಅಪಾ. ಕೈಯಲ್ಲಿದ್ದ ಉಂಡೆಯನ್ನು ಹಲಗೆಯ ಮೇಲೆ ಇಟ್ಟಳು. "ಆ ಗಿಡುಗ ಕೊನೆಗೆ ವಾಪಸ್ ಬರುತ್ತಾ?"

ಬೊರೊನ್‌ಬಾಯ್ ತಲೆ ತಗ್ಗಿಸಿ ಫೋನಿನ ಗಾಜನ್ನು ಅಂಗಿಗೆ ಒರೆಸತೊಡಗಿದ. ಅಪಾ ಅದನ್ನು ಸಂಕೋಚ ಎಂದುಕೊಂಡಳು. ನನ್ನ ಕಡೆ ತಿರುಗಿದಳು. "ಇಷ್ಟು ಜನರ ಮುಂದೆ ನಾಚ್ಕೋತಿದಾನೆ ನೋಡಿ. ಅಗಾಯ್, ನೀವು ಓದಿದವರು, ನೀವು ಹೇಳಿ. ಚೆನ್ನಾಗಿದೆ ತಾನೇ?"

ಎಲ್ಲರೂ ನನ್ನತ್ತ ನೋಡಿದರು. ಇಮಾನಾಲಿ ಅಜ್ಜ ಕಣ್ಣಿನಲ್ಲೇ, ಹೇಳು, ಈಗ ಹೇಳು ಎಂದ. ಬೊರೊನ್‌ಬಾಯ್ ಮುಳುಗುವವನು ದಡ ನೋಡುವಂತೆ ನೋಡಿದ. ಬಾಯಿ ತೆರೆದೆ. ಮೆದೆರ್ ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಇದು ಸತ್ಯ.

"ತುಂಬಾ ಚೆನ್ನಾಗಿದೆ, ಅಪಾ," ಎಂದೆ. "ಅವನ ಲೇಖನಿ ಹರಿತವಾಗಿರಲಿ."

ಅಪಾ ಸಂತೋಷದಿಂದ ಎದ್ದುಹೋಗಿ ಚಹಾ ತಂದಳು. ರೊಟ್ಟಿ ಮುರಿದಿಟ್ಟಳು, ಬೆಣ್ಣೆ ಇಟ್ಟಳು. ನಾವು ಕುಡಿದೆವು. ಒಂದು ಬಟ್ಟಲು ಮುಗಿದರೆ ಅವಳು ಇನ್ನೊಂದು ಬಗ್ಗಿಸಿದಳು. ಮೆದೆರ್ ಮೊನ್ನೆ ಮಾತಾಡಿದ್ದನ್ನು ಹೇಳಿದಳು, ಹೊಸ ಜಾಕೆಟ್ ಕೊಂಡನಂತೆ, ಬಣ್ಣ ಕೇಳಿದರೆ ಹೇಳಲಿಲ್ಲ ಎಂದು ನಕ್ಕಳು. ಇಮಾನಾಲಿ ಅಜ್ಜ ನೊಣ ಓಡಿಸುವವನ ಹಾಗೆ ಕಣ್ಣೊರೆಸಿಕೊಂಡ. ನಾನು ಒಂದು ಚೂರು ರೊಟ್ಟಿಯನ್ನೂ ತಿಂದೆ.

ಮೂರನೇ ಬಟ್ಟಲು ಬಂದಾಗ ಬೊರೊನ್‌ಬಾಯ್ ಅದನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದ. ಮುಂದೆ ಜರುಗಿ, ಕುರುತ್‌ನ ಬಿಳಿ ಮೆತ್ತಿದ್ದ ಅವಳ ಎರಡೂ ಕೈ ಹಿಡಿದುಕೊಂಡ.

"ಅಪಾ, ಗಿಡುಗ ಬರಲ್ಲ," ಎಂದ. "ನಮ್ಮ ಮೆದೆರ್ ಹೋಗ್ಬಿಟ್ಟ. ಕಟ್ಟಡದಿಂದ ಬಿದ್ದ. ನಾಳೆ ಮಧ್ಯಾಹ್ನ ಕರ್ಕೊಂಡು ಬರ್ತಾರೆ."

ಅವಳು ಅವನ ಮುಖ ನೋಡಿದಳು. ಆಮೇಲೆ ನಮ್ಮನ್ನು, ಒಬ್ಬೊಬ್ಬರನ್ನಾಗಿ. ಆಮೇಲೆ ನಮ್ಮ ಕೈಯಲ್ಲಿದ್ದ ಬಟ್ಟಲುಗಳನ್ನು. ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಕಾನಿಮ್ ಓಡಿ ಬರುವಷ್ಟರಲ್ಲಿ ಅವಳು ಬೊರೊನ್‌ಬಾಯ್‌ನ ಹೆಗಲಿಗೆ ಹಣೆ ಒತ್ತಿದ್ದಳು. ಆ ಮುಖವನ್ನು ನಾನು ನೋಡಬಾರದು ಎಂದುಕೊಂಡಿದ್ದೆ, ನೋಡಲೂ ಇಲ್ಲ. ಅವಳ ಅಳು ಮಾತ್ರ ಗೋಡೆಗಳಿಗೆಲ್ಲ ಕೇಳಿತು.

ಮಣ್ಣು ಕೊಡುವ ಹೊತ್ತಿಗೇ ಊರಿನ ಬಾಯಿ ಶುರುವಾಯಿತು. "ಕುರಿ ಸತ್ತೋಯ್ತು ಅನ್ನೋ ಹಾಗೆ ಹೇಳಿದನಂತೆ." "ಬಾಯಲ್ಲೂ ವೆಲ್ಡಿಂಗ್ ಮಾಡೋನು ಅವನು." "ಕವಿಯಂತೆ ಕವಿ!" ಬೊರೊನ್‌ಬಾಯ್ ಅಲ್ಲೇ, ಗುಂಡಿಯೊಳಗೆ ಇಳಿದು ಮಣ್ಣು ಎತ್ತುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನನ್ನು ಮುಂದೆ ತಳ್ಳಿದವನು ನಾನು ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ನಾನು ಕಲ್ಪಾಕ್ ಸರಿಪಡಿಸಿಕೊಂಡೆ.

ಆ ಸಂಜೆ ಗುಂಪಿನಲ್ಲಿ ನರ್ಸಮ್ಮ ಕೇಳಿದಳು, ಕವಿತೆ ಓದಿದಿರಾ, ಹೇಗಾಯಿತು ಎಂದು. ನಾನು ಬರೆದೆ: 'ಬಹಳ ಚೆನ್ನಾಗಿ ನಡೆಯಿತು. ನಿಮ್ಮೆಲ್ಲರ ಪ್ರೋತ್ಸಾಹಕ್ಕೆ ವಂದನೆಗಳು.' ಅದಕ್ಕೂ ಹೂವು ಬಿದ್ದವು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬೂದು ಅಕ್ಷರದಲ್ಲಿ, ಬೊರೊನ್‌ಬಾಯ್ ಗುಂಪು ಬಿಟ್ಟರು ಎಂದು ಬಂತು. ಕಾನಿಮ್ ನನ್ನ ಭುಜದ ಮೇಲಿಂದ ಅದನ್ನು ಓದಿದಳು.

"ನಿಮ್ಮ ಹೂವಿನಂಗಡಿ ಮುಚ್ಚಿ ಮೊದಲು," ಎಂದಳು. ಆಮೇಲೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಮೂರು ದಿನದಲ್ಲಿ ನಾನು ಹಿಂದಕ್ಕೆ ಹೋಗಿ ಅವನ ಹಳೆಯ ಕವಿತೆಗಳನ್ನೆಲ್ಲ ಓದಿದೆ. ಹೆಚ್ಚಿನವು ಸಾಧಾರಣ. ಆದರೆ ಹೆಂಡತಿಯ ಗೋರಿಯ ಬೇಲಿಯ ಕವಿತೆಯಲ್ಲಿ ಒಂದು ನಕ್ಷತ್ರವೂ ಇರಲಿಲ್ಲ, ಒಂದು ವಸಂತವೂ ಇರಲಿಲ್ಲ. ಇಂತಿಷ್ಟು ಕಂಬಿ, ಇಂತಿಷ್ಟು ಬೆಸುಗೆ, ಬಾಗಿಲು ಇಡಬೇಕೋ ಬೇಡವೋ ಎಂದು ಅವನು ಅರ್ಧ ದಿನ ಯೋಚಿಸಿದ್ದು, ಕೊನೆಗೆ ಇಟ್ಟದ್ದು, ಇಷ್ಟೇ. ನಾನು ತರಗತಿಯಲ್ಲಿ ಪಾಠ ಮಾಡಬಹುದಾಗಿದ್ದ ಕವಿತೆ. ಅದರ ಕೆಳಗೆ 'ಮುಂದುವರಿಸಿ' ಎಂದು ಬರೆದಿದ್ದೆ.

ಶುಕ್ರವಾರಗಳು ಬಂದವು, ಹೋದವು. ಬೊರೊನ್‌ಬಾಯ್ ಜೂರಾ ಅಪಾಳ ಮನೆಯತ್ತ ಸುಳಿಯಲಿಲ್ಲ. ನಲವತ್ತನೆಯ ದಿನದ ಊಟಕ್ಕೆ ಒಂದು ದಿನ ಮುಂಚೆ ಅಪಾ ಬೇಲಿಯ ಹತ್ತಿರ ನನ್ನನ್ನು ಕರೆದಳು.

"ನಾಳೆ ಬೊರೊನ್‌ಬಾಯ್‌ನ ಕರ್ಕೊಂಡು ಬರಬೇಕು ನೀವು, ಅಗಾಯ್."

"ಜನ ಆಡ್ಕೋತಿದಾರಲ್ಲ, ಅಪಾ. ಅವನಿಗೆ ನಾಚಿಕೆ ಆಗಿರಬೇಕು."

"ಅವನಿಗ್ಯಾಕೆ ನಾಚಿಕೆ?" ಎಂದಳು. ದನಿ ಏರಲಿಲ್ಲ. "ನನ್ನ ಮಗ ಹೋದ ಅಂತ ನನಗೆ ಹೇಳಿದವನು ಅವನೊಬ್ಬ. ಉಳಿದವರೆಲ್ಲ ಚಹಾ ಕುಡಿದ್ರಿ. ಮೂರು ಸುತ್ತು ನಾನೇ ಬಗ್ಗಿಸಿಕೊಟ್ಟೆ."

ನಾನು ತಲೆ ತಗ್ಗಿಸಿಕೊಂಡು ಅಲ್ಲಿಂದ ನೇರವಾಗಿ ಅವನ ಕೊಟ್ಟಿಗೆಗೆ ಹೋದೆ. ಅವನು ಹೊಗೆಕೊಳವೆಗೆ ಮೊಣಕೈಯಂಥ ತಿರುವು ಬೆಸೆಯುತ್ತಿದ್ದ. ನನ್ನನ್ನು ಕಂಡು ಯಂತ್ರ ಆರಿಸಿದ.

"ಬನ್ನಿ, ಅಗಾಯ್. ಒಲೆ ಹೊಗೆ ಕಾರ್ತಿದೆಯಾ?"

"ಒಲೆ ಚೆನ್ನಾಗಿದೆ." ನಿಂತುಕೊಂಡೇ ಹೇಳಿದೆ, ಕೂತರೆ ಮತ್ತೆ ಧೈರ್ಯ ಹೋದೀತು ಎಂದು. "ಬೊರೊನ್‌ಬಾಯ್, ನಾನು ನಿನ್ನ ಕವಿತೆ ಒಂದನ್ನೂ ಓದ್ತಿರಲಿಲ್ಲ. ಆರು ವರ್ಷ. ಸುಮ್ನೆ ಒತ್ತುತಿದ್ದೆ."

ಅವನು ಕನ್ನಡಕ ಹಣೆಗೇರಿಸಿ ಎಂದಿನಂತೆ ಸ್ವಲ್ಪ ಹೊತ್ತು ಯೋಚಿಸಿದ.

"ಗೊತ್ತಿತ್ತು," ಎಂದ. "ನಂಗೆ ಬರೆಯೋಕೆ ಎರಡು ಸಂಜೆ. ನೀವು ಓದಿ ಮೆಚ್ಚೋಕೆ ಅರ್ಧ ನಿಮಿಷ. ನಾನೇನು ಅಷ್ಟು ಪೆದ್ದನಾ, ಅಗಾಯ್? ನಿಮ್ಮದನ್ನ ನಾನು ಎರಡೆರಡು ಸಲ ಓದ್ತಿದ್ದೆ. ಬೇಜಾರ್ ಮಾಡ್ಕೋಬೇಡಿ, ಅವೂ ಅಷ್ಟಕ್ಕಷ್ಟೇ. ಆದ್ರೂ ಹೂವು ಹಾಕ್ತಿದ್ದೆ. ವಯಸ್ಸಾಗಿದೆ, ಬಿಟ್ಟುಬಿಟ್ರೆ ಮನೇಲಿ ಕೂತು ಏನ್ ಮಾಡ್ತಾರೆ ಪಾಪ ಅಂತ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಪಾ ಕರೆದದ್ದನ್ನು ಹೇಳಿದೆ. ಅವರು ಕರೆದರೆ ಬರ್ತೀನಿ ಎಂದ. ಅಲ್ಲಿಗೇ ತಿರುಗಿ ಹೊರಡಬಹುದಾಗಿತ್ತು, ಕಾಲು ಬರಲಿಲ್ಲ.

"ಎಲ್ಲ ಗೊತ್ತಿದ್ದವನು ಅವತ್ತು ಯಾಕೆ ನನ್ನ ಮಾತು ನಂಬಿದೆ?" ಎಂದು ಕೇಳಿದೆ.

ಅವನು ಕೊಳವೆಯ ಬಿಸಿ ಹೋಯಿತೇ ಎಂದು ಅಂಗೈಯಿಂದ ಮುಟ್ಟಿ ನೋಡಿದ.

"ಅವತ್ತೊಂದು ದಿನ ಓದಿರ್ತೀರಿ ಅಂದ್ಕೊಂಡೆ, ಅಗಾಯ್."